ಅವ್ವನ ಮಂಡಿ ಮತ್ತು ನನ್ನ ಹನ್ನೆರಡು ದಿನದ ಪ್ಲಾನು

ಮುಂದೆ ಏನಾಗಿಬಿಡುತ್ತದೋ ಎಂದು ಮೊದಲೇ ಕೂತು ಚಿಂತೆ ಮಾಡುವ ಕಾಯಿಲೆ ನನಗಿದೆ. ಊರವರು ಇದನ್ನು ಪುಕ್ಕಲುತನ ಅನ್ನುತ್ತಾರೆ; ಬದನಗುಪ್ಪೆಯ ಕಾರ್ಖಾನೆಯವರು ಇದಕ್ಕೆ ಸಂಬಳ ಕೊಡುತ್ತಾರೆ. ಅಲ್ಲಿ ನಾನು ಪ್ಲಾನಿಂಗ್ ಆಫೀಸರು. ಹೊಸ ಯಂತ್ರ ಕೂರಿಸುವುದಿದ್ದರೆ ಏನೇನು ಎಡವಟ್ಟಾಗಬಹುದು, ಹಾಗಾದರೆ ಏನು ಮಾಡಬೇಕು ಎಂದು ಪಟ್ಟಿ ಮಾಡಿಡುವುದು ನನ್ನ ಕೆಲಸ. ಚಟ ಮನೆಗೂ ಬಂದಿದೆ. ಒಮ್ಮೆ ಹೆಂಡತಿ ಮಂಜುಳಾ, "ರೀ, ಮದುವೆಗೆ ಮುಂಚೆ ನನ್ನ ಮೇಲೂ ಹಿಂಗೇ ಪಟ್ಟಿ ಮಾಡಿದ್ರಾ?" ಎಂದು ಕೇಳಿದಳು. ಇಲ್ಲ ಎಂದೆ. ಮಾಡಿದ್ದೆ. ಅದರಲ್ಲಿದ್ದ ಯಾವುದೂ ನಡೆಯಲಿಲ್ಲ. ನಡೆದದ್ದು ಯಾವುದೂ ಅದರಲ್ಲಿರಲಿಲ್ಲ.

ಹೋದ ವರ್ಷ ಅವ್ವನಿಗೆ ಮೈಸೂರಿನಲ್ಲಿ ಮಂಡಿ ಆಪರೇಷನ್ ಆಯಿತು. ಇನ್ನು ಕುಕ್ಕರುಗಾಲಿನಲ್ಲಿ ಕೂರುವಂತಿಲ್ಲ ಎಂದರು ಡಾಕ್ಟರು. ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿದ್ದದ್ದು ಹಳೇ ಕಾಲದ ಕಕ್ಕಸು. ಅದನ್ನು ಒಡೆದು ಕಮೋಡು ಕೂರಿಸಬೇಕಿತ್ತು. ಮೈಸೂರಿನ ಅಕ್ಕನ ಮನೆಯಲ್ಲಿ ಅವ್ವ ಹನ್ನೆರಡು ದಿನ ಇರಲು ಒಪ್ಪಿದ್ದಳು. "ಅದಿಮೂರ್ನೇ ದಿನ ನಾನಿಲ್ಲಿ ಇರಕಿಲ್ಲ ಕಣ್ಲಾ" ಎಂದು ಫೋನಿನಲ್ಲೇ ಹೇಳಿಬಿಟ್ಟಿದ್ದಳು.

ಇಂಥ ಅವಕಾಶಕ್ಕೇ ನಾನು ಕಾದಿದ್ದೆನೇನೋ. ಎರಡು ಹಾಳೆ ತುಂಬ ಬರೆದೆ. ಮಳೆ ಬಂದರೆ ಟಾರ್ಪಾಲು. ಕರೆಂಟು ಹೋದರೆ ಪಕ್ಕದ ಮನೆಯ ಜನರೇಟರು. ಮೇಸ್ತ್ರಿ ಸಿದ್ದರಾಜು ಕೈಕೊಟ್ಟರೆ ಅವನ ಭಾವಮೈದ. ಟೈಲ್ಸ್ ಬರುವುದು ಕೇರಳದ ಕಡೆಯಿಂದ. ರಾತ್ರಿ ಕಾಡಿನ ಗೇಟು ಮುಚ್ಚುವುದರೊಳಗೆ ಲಾರಿ ಬಂಡೀಪುರ ದಾಟದಿದ್ದರೆ ಒಂದು ದಿನ ಹೋಯಿತು, ಹಾಗಾಗಿ ಎರಡು ದಿನ ಮೊದಲೇ ಹೊರಡಿಸು. ಲಾರಿಗೆ ಆನೆ ಅಡ್ಡ ನಿಂತರೆ ಎಂದೂ ಬರೆದಿದ್ದೆ. ಪರಿಹಾರದ ಜಾಗದಲ್ಲಿ 'ಕಾಯುವುದು' ಎಂದಿತ್ತು.

ಸಿದ್ದರಾಜು ಹಾಳೆಗಳನ್ನು ಭಕ್ತಿಯಿಂದ ಮಡಚಿ ಜೇಬಿಗಿಟ್ಟುಕೊಂಡ. ಮಳೆ ಬಂತು, ಟಾರ್ಪಾಲು ಇತ್ತು. ಮೇಸ್ತ್ರಿಗೆ ಜ್ವರ ಬಂತು, ಭಾವಮೈದ ಬಂದ. ಹತ್ತನೆಯ ದಿನವೇ ಕೆಲಸ ಮುಗಿಯಿತು. ಉಳಿದ ಎರಡು ದಿನ ನಾನು ನಲ್ಲಿ ತಿರುಗಿಸಿ ನೋಡುವುದು, ಬಂದವರಿಗೆಲ್ಲ ತೋರಿಸುವುದು, ಇಷ್ಟೇ ಮಾಡಿದೆ.

ಅವ್ವ ಕಾರಿನಿಂದ ಇಳಿದದ್ದೇ ವಾಕರ್ ಊರಿಕೊಂಡು ನೇರ ಅಲ್ಲಿಗೇ ನಡೆದಳು. ಮೈಸೂರಿನಿಂದ ತಡೆದುಕೊಂಡು ಬಂದಿದ್ದಳು. ಬಾಗಿಲ ಬಳಿ ಟಣ್ ಎಂದು ಸದ್ದಾಯಿತು. ವಾಕರ್ ಒಳಗೆ ಹೋಗಲಿಲ್ಲ. ಒಳಗಿನದೆಲ್ಲ ಹೊಸದು ಮಾಡಿದ್ದ ನಾನು ಬಾಗಿಲು ಮಾತ್ರ ಹಳೆಯದನ್ನೇ ಉಳಿಸಿದ್ದೆ. ವಾಕರ್ ಅದಕ್ಕಿಂತ ನಾಲ್ಕು ಬೆರಳು ಅಗಲ.

"ಏನ್ಲಾ ಇದು? ನಾನು ಓಗಕೆ ಕಟ್ಸಿದ್ದೀಯೋ, ಆಚೆ ನಿಂತು ನೋಡಕೆ ಕಟ್ಸಿದ್ದೀಯೋ?" ಎಂದಳು ಅವ್ವ. ದನಿಯಲ್ಲಿ ತಮಾಷೆ ಇತ್ತು, ಕಣ್ಣಿನಲ್ಲಿ ಇರಲಿಲ್ಲ, ಕಾಲು ನಡುಗುತ್ತಿತ್ತು. ನಾನು ವಾಕರನ್ನು ಅಡ್ಡ ಮಾಡಿದೆ, ಓರೆ ಮಾಡಿದೆ, ಅಳತೆ ಟೇಪು ಹುಡುಕತೊಡಗಿದೆ. ಮಂಜುಳಾ ನನ್ನನ್ನು ಪಕ್ಕಕ್ಕೆ ತಳ್ಳಿ, ಅವ್ವನನ್ನು ಎರಡೂ ಕೈಯಿಂದ ತಬ್ಬಿಕೊಂಡು, ಹೆಜ್ಜೆ ಹೆಜ್ಜೆಯಾಗಿ ಓರೆಯಲ್ಲೇ ಒಳಗೆ ಕರೆದೊಯ್ದಳು.

ಜ್ವರ ಬಿಟ್ಟೆದ್ದ ಸಿದ್ದರಾಜುವನ್ನು ಕರೆಸಿ ರೇಗಿದೆ. ಅವನು ಜೇಬಿನಿಂದ ಹಾಳೆ ತೆಗೆದು ಬಿಡಿಸಿದ. "ಬರ್ದಿದ್ದನ್ನೆಲ್ಲ ಮಾಡ್ಬುಟ್ಟಿವ್ನಿ ಸಾ. ಇದ್ರಲ್ಲಿ ಆನೆ ಅದೆ, ಅವ್ವಾರೇ ಇಲ್ಲ" ಎಂದ.

ಮಾರನೆಯ ದಿನ ಚೌಕಟ್ಟು ಕಿತ್ತರು. ಹೊಸ ಬಾಗಿಲು ಬರುವ ತನಕ ಮಂಜುಳಾಳ ಹಳೇ ಸೀರೆಯ ಪರದೆ. ಗಾಳಿಗೆ ಅದು ಹಾರುತ್ತಿದ್ದುದರಿಂದ ಅವ್ವ ಒಳಗಿದ್ದಾಗ ಯಾರಾದರೂ ಹಿಡಿದುಕೊಳ್ಳಬೇಕು. ರಜೆ ಹಾಕಿ ಆ ಕೆಲಸಕ್ಕೆ ನಾನೇ ಕೂತೆ.

ಹಾಗೆ ಮುಖ ತಿರುಗಿಸಿಕೊಂಡು ಪರದೆಯ ಸೆರಗು ಹಿಡಿದು ಕುರ್ಚಿಯಲ್ಲಿ ಕೂತಿದ್ದಾಗಲೇ, ಎದುರು ಮನೆಯ ನಿಂಗಮ್ಮ ಅವ್ವನನ್ನು ನೋಡಲು ಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈಗ ಏನ್ ಕೆಲ್ಸ ಮಾಡ್ತಿದ್ದೀಯಪ್ಪಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಪರದೆಯ ಹಿಂದಿನಿಂದ ಅವ್ವನ ದನಿ ಬಂತು, ಹೆಮ್ಮೆಯಿಂದಲೇ:

"ಪ್ಲಾನಿಂಗ್ ಆಫೀಸರ್ ಕಣ್ ನಿಂಗಮ್ಮ!"