ಅರ್ಧ ಮಂದೆಗೆ ಸೂಜಿ

ನಮ್ಮ ಕಡೆ ಅನುಮಾನಪಡುವವನಿಗೆ ಒಂದು ಸೌಲಭ್ಯವಿದೆ. ಜನ ಅವನನ್ನು ಬುದ್ಧಿವಂತ ಎಂದು ತಿಳಿಯುತ್ತಾರೆ. ಏನು ಹೇಳಿದರೂ ತಲೆಯಾಡಿಸುವವನಿಗೆ ಟೀ ಅಂಗಡಿಯ ಬೆಂಚಿನಲ್ಲಿ ಜಾಗವೂ ಸಿಗುವುದಿಲ್ಲ. ಕಣ್ಣು ಸಣ್ಣಗೆ ಮಾಡಿ, "ಹೂಂ, ನೋಡಾಣ ಬುಡು" ಎಂದವನಿಗೆ ನಾಲ್ಕು ಜನ ಸರಿದು ಕೂರುತ್ತಾರೆ. ನಾನು ಬಹಳ ವರ್ಷ ಹಾಗೆ ಬೆಂಚಿನ ನಡುವೆಯೇ ಕುಳಿತವನು. ಜೊತೆಗೆ ಎಸ್ಸೆಸ್ಸೆಲ್ಸಿ ಪಾಸಾದವನು. ನಮ್ಮ ಬೀದಿಯಲ್ಲಿ ನನ್ನ ವಯಸ್ಸಿನವರ ಪೈಕಿ ಹಾಗೆ ಪಾಸಾದವನು ನಾನೊಬ್ಬನೇ. ಕಣ್ಣು ಸಣ್ಣದಾಗಲು ಅಷ್ಟು ಸಾಕಲ್ಲವೇ!

ನನ್ನ ಅನುಮಾನಕ್ಕೆ ಜಾತಿಭೇದವಿರಲಿಲ್ಲ. ಶಿರಾ ಪೇಟೆಯಲ್ಲಿ ಕಲ್ಲಂಗಡಿ ಕೊಳ್ಳುವಾಗ, ಮಾರುವವನು ತಟ್ಟಿ ತೋರಿಸಿದ ಹಣ್ಣನ್ನು ಬಿಟ್ಟು ಪಕ್ಕದ್ದನ್ನು ತರುತ್ತಿದ್ದೆ. ಅದು ಸಪ್ಪೆಯಾಗಿರುತ್ತಿತ್ತು. ಮಾತ್ರೆಯ ತಾರೀಖನ್ನು ಬೆಳಕಿಗೆ ಹಿಡಿದು ಓದಿ ಓದಿ, ತಲೆನೋವು ತಾನಾಗಿಯೇ ಹೋದಮೇಲೆ ನುಂಗುತ್ತಿದ್ದೆ. ನನ್ನ ಹೆಂಡತಿ ರಂಗಮ್ಮ ಇದನ್ನೆಲ್ಲ ನೋಡಿ ನೋಡಿ ಒಂದು ಅಭ್ಯಾಸ ಮಾಡಿಕೊಂಡಳು. ಮಾಡಬೇಕಾದ ಕೆಲಸವನ್ನು ನನ್ನನ್ನು ಕೇಳದೆ ಮಾಡಿ ಮುಗಿಸುವುದು. ನನಗೆ ಹೇಳುವ ಪ್ರಸಂಗ ಬಂದರೆ ಹೇಳುವುದು. ಬರದಿದ್ದರೆ ಇನ್ನೂ ಒಳ್ಳೆಯದು.

ನಮ್ಮದು ಸಣ್ಣ ಕುರಿಮಂದೆ. ಕುರಿ ಸಾಕುವವರಿಗೆ ಹಿರೇಬೇನೆ ಎಂದರೆ ಎದೆ ಝಲ್ಲೆನ್ನುತ್ತದೆ. ಮೂಗು ಸೋರಿ, ಬಾಯಿ ಹುಣ್ಣಾಗಿ, ಭೇದಿ ಹತ್ತಿಕೊಂಡು, ನಿನ್ನೆ ಜಿಗಿದಾಡುತ್ತಿದ್ದ ಕುರಿ ಇಂದು ಮೂಲೆ ಹಿಡಿಯುತ್ತದೆ. ಅದಕ್ಕೆ ಸರ್ಕಾರದವರು ಊರಿಗೇ ಬಂದು ಪುಕ್ಕಟೆ ಲಸಿಕೆ ಹಾಕುತ್ತಾರೆ. ಪುಕ್ಕಟೆ! ನನ್ನ ಅನುಮಾನಕ್ಕೆ ಅಷ್ಟೇ ಮೇವು ಸಾಕಾಯಿತು.

ಕಳೆದ ಸಲ ಪಶು ಆಸ್ಪತ್ರೆಯವರು ಐಸ್ ಡಬ್ಬಿ ಹೊತ್ತು ಬಂದರು. ನಮ್ಮೂರಲ್ಲಿ ಸೂಜಿ ಹಿಡಿದವರೆಲ್ಲ ಡಾಕ್ಟರೇ. ನಾನು ಡಬ್ಬಿಯ ಮುಚ್ಚಳ ತೆಗೆಸಿ ನೋಡಿದೆ, ಬಾಟಲಿ ಮುಟ್ಟಿ ನೋಡಿದೆ, ತಾರೀಖು ಓದಿದೆ. ಎಲ್ಲವೂ ಸರಿಯಾಗಿಯೇ ಇತ್ತು. ಎಲ್ಲವೂ ಸರಿಯಾಗಿದ್ದರೆ ಅನುಮಾನ ಹೆಚ್ಚಾಗಬೇಕೋ ಬೇಡವೋ?

"ಇದ್ನ ಹಾಕಿದ್ಮೇಲೆ ಕುರಿಗೆ ಜ್ವರ ಬತ್ತದಾ ಡಾಕ್ಟ್ರೇ?" ಎಂದೆ.

"ಕೆಲವಕ್ಕೆ ಒಂದಿನ ಮೈ ಬೆಚ್ಚಗಾಗ್ಬೋದು ಯಜಮಾನ್ರೇ. ಕೆಲವಕ್ಕೆ ಏನೂ ಆಗಲ್ಲ."

ಸಿಕ್ಕಿಬಿದ್ದರು! ಜ್ವರ ಬಂದರೆ ಮದ್ದು ಕೆಟ್ಟದ್ದು, ಬರದಿದ್ದರೆ ಬರೀ ನೀರು. ನನ್ನ ತರ್ಕದಲ್ಲಿ ಲಸಿಕೆ ಬಚಾವಾಗುವ ದಾರಿಯೇ ಇರಲಿಲ್ಲ. ಆದರೆ ನಾನು ವಿಚಾರವಂತ. ಪರೀಕ್ಷೆ ಮಾಡದೆ ತೀರ್ಪು ಕೊಡಬಾರದು. ಅರ್ಧ ಮಂದೆಗೆ ಮಾತ್ರ ಸೂಜಿ ಹಾಕಿಸಿ, ಅವುಗಳ ಬೆನ್ನಿಗೆ ನೀಲಿ ಬಣ್ಣ ಬಳಿದೆ. ಉಳಿದರ್ಧವನ್ನು ರೊಪ್ಪದಲ್ಲೇ ಕೂಡಿಹಾಕಿ, "ಇವು ಈಚೆಗೆ ಬರಕೂಡ್ದು, ಪರೀಕ್ಷೆ ನಡೀತಾ ಐತೆ" ಎಂದು ರಂಗಮ್ಮನಿಗೆ ತಾಕೀತು ಮಾಡಿ, ನನ್ನ ವಿಧಾನವನ್ನು ಜನಕ್ಕೆ ವಿವರಿಸಲು ಟೀ ಅಂಗಡಿಗೆ ಹೊರಟೆ.

ಮಳೆಗಾಲ ಬಂತು. ಮದಲೂರು ಕಡೆಯ ಒಂದೆರಡು ಮಂದೆಗಳಿಗೆ ಬೇನೆ ತಗುಲಿತೆಂದು ಸುದ್ದಿಯೂ ಬಂತು. ನಾನು ದಿನಾ ಬೆಳಿಗ್ಗೆ ರೊಪ್ಪಕ್ಕೆ ಹೋಗಿ ಮೂಗು ಮೂಗು ಪರೀಕ್ಷಿಸಿದೆ. ನೀಲಿ ಬೆನ್ನಿನವೂ ಗಟ್ಟಿ, ಬೋಳು ಬೆನ್ನಿನವೂ ಗಟ್ಟಿ. ಇನ್ನೇನು ಬೇಕು? ಟೀ ಅಂಗಡಿಯ ಬೆಂಚಿನ ನಡುವೆ ಕುಳಿತು ಕೇಳಿದೆ: "ಹಾಕ್ಸಿದ್ದೂ ನೆಟ್ಟಗದೆ, ಹಾಕ್ಸ್ದೇ ಇದ್ದಿದ್ದೂ ನೆಟ್ಟಗದೆ. ಅಂದ್ರೆ ಏನಾಯ್ತು?"

"ಬಾಟ್ಲೀಲಿರೋದು ನೀರು ಅಂತಾಯ್ತು!" ಎಂದ ಅಂಗಡಿಯ ಬಾಬು. ಅವನಿಗೆ ಕುರಿ ಇಲ್ಲ, ಆದರೆ ಉತ್ಸಾಹವಿತ್ತು.

ಆ ಮಾತು ನಮ್ಮ ಬೀದಿಯ ಕೊನೆಯ ಮನೆಯ ಲಕ್ಕಮ್ಮನ ಕಿವಿಗೆ ಬಿತ್ತು. ಗಂಡ ಹೋದಮೇಲೆ ಆಕೆ ಕುರಿಗಳಿಂದಲೇ ಮನೆ ನಡೆಸುತ್ತಿದ್ದಾಳೆ. ಮೊದಲ ಸಲ ಡಾಕ್ಟರು ಬಂದಾಗ ಆಕೆ ಊರಲ್ಲಿರಲಿಲ್ಲ. ಬೇನೆಯ ಸುದ್ದಿ ಕೇಳಿ ಅವರು ತಪ್ಪಿಹೋದ ಮಂದೆಗಳನ್ನು ಹುಡುಕಿಕೊಂಡು ಮತ್ತೆ ಬಂದಾಗ, "ಓದಿದೋರೇ ಬ್ಯಾಡ ಅಂದವ್ರೆ, ನಂಗ್ಯಾಕೆ?" ಎಂದು ಅವರನ್ನು ಬಾಗಿಲಿನಿಂದಲೇ ಕಳಿಸಿಬಿಟ್ಟಳು. ಓದಿದವನು ಯಾರೆಂದು ಬೇರೆ ಹೇಳಬೇಕಿಲ್ಲ.

ಈ ಗೌರವವನ್ನು ನಾನು ಊಟದ ಹೊತ್ತಿಗೆ ರಂಗಮ್ಮನಿಗೆ ಹೇಳಿದೆ. ಮುದ್ದೆ ಕಟ್ಟುತ್ತಿದ್ದ ಅವಳ ಕೈ ನಿಂತಿತು.

"ಲಕ್ಕಿ ವಾಪಸ್ ಕಳಿಸ್ಬುಟ್ಳಾ?"

"ಹೂಂ ಮತ್ತೆ. ನೀರಿಗ್ಯಾಕೆ ಸೂಜಿ?"

"ನಿಮ್ ಪರೀಕ್ಷೆಗೆ ಬೆಂಕಿ ಬೀಳ! ಉಳಿದ ಅರ್ಧಕ್ಕೂ ನಾನು ಅವತ್ತೇ ಹಾಕ್ಸಿದೀನಿ."

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ವಾಪಸು ಇಟ್ಟೆ.

"ನೀವು ಅತ್ಲಾಗೆ ಟೀ ಅಂಗಡಿಗೆ ಹೋದ್ರಾ, ಇತ್ಲಾಗೆ ಡಾಕ್ಟ್ರು, 'ಕಲಸಿದ್ ಬಾಟ್ಲಿ ಕಣಮ್ಮ, ಇಟ್ರೆ ಕೆಡ್ತದೆ, ಇನ್ನೂ ಯಾರ್ದಾದ್ರೂ ಕುರಿ ಅವಾ?' ಅಂತ ಕೂಗಿದ್ರು. ಹೊಡ್ಕೊಂಡು ಹೋದೆ. ಅವೇನು ಪಾಪ ಮಾಡಿದ್ವು, ನಿಮ್ ಕೈಗೆ ಸಿಕ್ಕಿದ್ದು ಬುಟ್ರೆ?"

"ಹೇಳ್ಬಾರ್ದೇನೇ ನಂಗೆ?"

"ಹೇಳಿದ್ರೆ ಬುಡ್ತಿದ್ರಾ?"

ಇಷ್ಟು ದಿನ ನಾನು ಲಸಿಕೆ ಹಾಕಿದ ಕುರಿಗಳನ್ನು ಲಸಿಕೆ ಹಾಕಿದ ಕುರಿಗಳೊಂದಿಗೇ ಹೋಲಿಸಿ ನೋಡಿದ್ದೆ! ಬಾಟಲಿ, ಐಸು, ಡಾಕ್ಟರು, ಸರ್ಕಾರ ಎಲ್ಲರನ್ನೂ ಅನುಮಾನಿಸಿದವನು ನನ್ನ ಪರೀಕ್ಷೆಯೊಂದನ್ನು ಮಾತ್ರ ಅನುಮಾನಿಸಿರಲಿಲ್ಲ. ಕೈ ತೊಳೆದು ಲಕ್ಕಮ್ಮನ ಮನೆಗೆ ಓಡಿದೆ. ಓಡಿದೆ ಎಂದರೆ, ನನ್ನ ಮಂಡಿ ಬಿಟ್ಟಷ್ಟು.

"ಲಕ್ಕಮ್ಮಾ, ಸೂಜಿ ಹಾಕ್ಸ್ಬುಡವ್ವ. ಒಳ್ಳೇ ಮದ್ದು ಅದು."

ಆಕೆ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಬೆಳಿಗ್ಗೆ ನೀರು ಅಂದ್ರಿ, ಮಧ್ಯಾಹ್ನ ಮದ್ದು ಅಂತೀರ. ನಡುವೆ ಏನ್ ಕುಡಿದ್ರಿ ದೊಡ್ಡಪ್ಪ?"

"ನಾನು ತಪ್ಪು ಲೆಕ್ಕ ಹಾಕಿದ್ದೆ ಕಣಮ್ಮ."

"ಇಲ್ಲಾ, ಡಾಕ್ಟ್ರು ನಿಮ್ಗೇನೋ ಹೇಳಿ ಕಳಿಸವ್ರೆ. ಪುಕ್ಕಟೆ ಕೊಡೋರ್ನ ನಂಬಬ್ಯಾಡಿ ಅಂದಿದ್ದು ನೀವೇ ಅಲ್ವಾ?"

ನಾನು ಬಿತ್ತಿದ್ದು ಇಷ್ಟು ಚೆನ್ನಾಗಿ ಮೊಳೆತಿರುತ್ತದೆಂದು ಎಣಿಸಿರಲಿಲ್ಲ. ನನ್ನ ವಾದಗಳೇ ಒಂದೊಂದಾಗಿ ಆಕೆಯ ಬಾಯಿಂದ ಬರುತ್ತಿದ್ದವು, ನನಗಿಂತ ಸೊಗಸಾಗಿ. ಕೊನೆಗೆ ಹಿಂದಿನಿಂದ ರಂಗಮ್ಮ ಬಂದು, "ನಮ್ಮವುಕ್ಕೆಲ್ಲ ನಾನೇ ನಿಂತು ಹಾಕ್ಸಿದೀನಿ ಕಣೇ ಲಕ್ಕಿ" ಎಂದಳು. ಅಷ್ಟೇ. ಲಕ್ಕಮ್ಮ ತಕ್ಷಣ ಫೋನು ತೆಗೆದಳು.

ಮಾರನೆಯ ದಿನ ಡಾಕ್ಟರು ಬಂದರು. ಆದರೆ ಆ ಹೊತ್ತಿಗೆ ಲಕ್ಕಮ್ಮನ ಒಂದು ಗಬ್ಬದ ಕುರಿ ಮೂಗು ಸೋರಿಸಿಕೊಂಡು ಮೂಲೆ ಹಿಡಿದಿತ್ತು. ಅದನ್ನು ದೂರ ಕಟ್ಟಿಸಿ, ಚೆನ್ನಾಗಿದ್ದವಕ್ಕೆ ಲಸಿಕೆ ಹಾಕಿ, ಅದಕ್ಕೆ ಬೇರೆ ಔಷಧ ಕೊಟ್ಟರು. ಮಂದೆ ಉಳಿಯಿತು. ಆ ಕುರಿ ಉಳಿಯಲಿಲ್ಲ. ಲಕ್ಕಮ್ಮ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಮನಸ್ಸು ತಡೆಯದೆ, ನಮ್ಮ ಮಂದೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಗಬ್ಬದ ಕುರಿಯನ್ನು ಆರಿಸಿ ಹಗ್ಗ ಹಾಕಿ ಆಕೆಯ ಬಾಗಿಲಿಗೆ ಕೊಂಡೊಯ್ದೆ. "ಇಟ್ಕೊಳವ್ವ, ನನ್ ತಪ್ಪಿಗೆ" ಎಂದೆ. ಕಣ್ಣಲ್ಲಿ ನೀರು ಬಂದಿತ್ತು. ಆಕೆಯ ಕಣ್ಣಲ್ಲೂ ಬರಬಹುದೆಂದು ಕಾದೆ. ಆಕೆ ಕಣ್ಣನ್ನು ಸಣ್ಣಗೆ ಮಾಡಿದಳು. ಕುರಿಯ ಬಾಯಿ ಬಿಡಿಸಿ ಹಲ್ಲು ನೋಡಿದಳು. ರೆಪ್ಪೆ ಎಳೆದು ನೋಡಿದಳು. ಕೆಚ್ಚಲು ಮುಟ್ಟಿದಳು. ಪುಕ್ಕಟೆ ಬಂದದ್ದಲ್ಲವೇ!

"ಇದ್ಕೆ ಸೂಜಿ ಹಾಕ್ಸಿದ್ದೀರಾ?"

"ಹೂಂ ಕಣಮ್ಮ, ಹಾಕ್ಸಿದೆ."

"ಅದು ನೀವು ಹೇಳೋದು" ಎಂದಳು ಲಕ್ಕಮ್ಮ, ಹಗ್ಗವನ್ನು ನನ್ನ ಕೈಗೇ ವಾಪಸು ಕೊಡುತ್ತಾ. "ಹಿಡ್ಕೊಂಡಿರಿ. ದೊಡ್ಡಮ್ಮನ್ನ ಕೇಳ್ಕಂಡು ಬತ್ತೀನಿ."