ರಾಣಿ ಹುಣಸೆಕಾಯಿ ಕೇಳಿದ ಮೇಲೆ

ನಾಚಿಕೆಗೆ ನಮ್ಮ ಮನೆಯ ದಾರಿ ಚೆನ್ನಾಗಿ ಗೊತ್ತು. ಬೇರೆಯವರ ಮನೆಗೆ ಅದು ಎಂದೋ ಒಮ್ಮೆ ಹೋಗಬಹುದು. ನನ್ನ ಹತ್ತಿರ ಮಾತ್ರ ಆಗಾಗ ಬಂದು, ಕೂತು, ಚಹಾ ಕುಡಿದೇ ಹೋಗುತ್ತದೆ. ಅದನ್ನು ಇಷ್ಟು ಸಲಿಗೆಯಿಂದ ಕರೆತಂದದ್ದು ಒಂದು ಪುಸ್ತಕ.

ನನ್ನ ಓದು ಹತ್ತನೇ ಕ್ಲಾಸಿಗೆ ನಿಂತಿತು. ಈಗ ಆಳಂದದಲ್ಲಿ, ಗಂಡನ ಮನೆಯ ಪಡಸಾಲೆಯಲ್ಲಿ ಮಿಷನ್ ಇಟ್ಟುಕೊಂಡು ಓಣಿಯ ಹೆಂಗಸರಿಗೆ ಜಂಪರ್ ಹೊಲಿಯುತ್ತೇನೆ. ಒಂದು ಸಲ ಅಫಜಲಪುರಕ್ಕೆ ಹೋದಾಗ ಬಳೆ ಇಡಿಸಿಕೊಳ್ಳಲು ಅಂಗಡಿಯಲ್ಲಿ ಕೂತಿದ್ದೆ. ತೊಡೆಯ ಮೇಲಿದ್ದ ಮಗಳು ಒಂದೇ ಸಮ ಅಳುತ್ತಿದ್ದಳು. ಬಳೆ ಅಂಗಡಿಯ ಆಪಾ ಅವಳನ್ನು ಸುಮ್ಮನಾಗಿಸಲು ಒಂದು ದಪ್ಪ ಪುಸ್ತಕ ಕೈಗೆ ಕೊಟ್ಟರು. ಮಗಳು ಅದರ ರಟ್ಟು ಕಡಿದಳು. ನಾನು ಒಳಗಿನದು ಓದಿದೆ. ಉಪ್ಪಿನಿಂದ ಕಟ್ಟಿದ ಕೋಟೆ, ಅದರ ರಾಣಿ, ಆಕೆ ಏರಿ ಹಾರುವ ಕೋಣ, ಮಾಟ ಕಲಿತ ಮೈದುನ. ಇಂಥ ನಾಲ್ಕು ಭಾಗ ಬಂದಿವೆ. ನಾಲ್ಕನೆಯದರ ಕೊನೆಯ ಪುಟದಲ್ಲಿ ರಾಣಿ ಊಟದ ತಟ್ಟೆ ದೂರ ಸರಿಸಿ, ಹುಣಸೆಕಾಯಿ ಇದೆಯೇ ಎಂದು ದಾಸಿಯನ್ನು ಕೇಳುತ್ತಾಳೆ. ಅಷ್ಟೇ, ಮುಗಿಯಿತು. ಐದನೆಯದು ಯಾವಾಗ ಬರುತ್ತದೋ, ಬರೆದವರಿಗೂ ಗೊತ್ತಿದ್ದಂತಿಲ್ಲ.

ಬರೆದವರು ಸುಮ್ಮನಾದರು, ನಾವು ಆಗಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಓದುಗರೆಲ್ಲ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡೆವು. ಅದರಲ್ಲಿ ಆಪಾ ಇದ್ದಾರೆ, ಇಜೇರಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಅಕ್ಕ ಇದ್ದಾರೆ, ಒಬ್ಬ ಬಸ್ ಕಂಡಕ್ಟರ್ ಅಣ್ಣ ಇದ್ದಾರೆ. ರಾಜ್ಯ ರಾಣಿಯದು, ಚಿಂತೆ ನಮ್ಮದು.

ಮೈದುನನ ಚಹಾ

ನಮ್ಮ ಅತ್ತೆಗೆ ಓದಲು ಬರುವುದಿಲ್ಲ. ಆ ಕೊರತೆಯನ್ನು ಕಿವಿ ತುಂಬಿಕೊಟ್ಟಿದೆ. ಒಂದು ಮುಂಜಾನೆ ನಾನು ಮಿಷನ್ ತುಳಿಯುತ್ತ ಗಿರಣಿ ಅಕ್ಕನ ಧ್ವನಿ ಸಂದೇಶ ಹಚ್ಚಿದೆ. ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ಅಕ್ಕನ ದನಿ ಸಣ್ಣದಾಗುವುದನ್ನೇ ಮರೆತಿದೆ.

"ತಂಗಿ, ಮೈದುನನ್ನ ನಂಬಬ್ಯಾಡ. ಅಣ್ಣನ ಜೀವ ತೆಗ್ಯಾಂವ ಅವನೇ. ವಿಷ ಇಟ್ಕೊಂಡಾನ, ನೋಡ್ತಿರು."

ಅದೇ ಹೊತ್ತಿಗೆ ನನ್ನ ಮೈದುನ, ಪಾಪ, ತನ್ನ ಅಣ್ಣನಿಗೆ ಚಹಾ ಹಿಡಿದು ಅಡಿಗೆಮನೆಯಿಂದ ಹೊರಗೆ ಬರುತ್ತಿದ್ದ. ಅತ್ತೆ ರೊಟ್ಟಿ ಬಡಿಯುವುದು ಬಿಟ್ಟು ಎದ್ದು ಬಂದು ಅವನ ಮುಂದೆ ನಿಂತರು. ಮೊದಲು ನೀನು ಕುಡಿ ಎಂದರು. ಅವನು ಕುಡಿದ. ಅತ್ತೆ ಅವನ ಮುಖವನ್ನೇ ನೋಡುತ್ತ ನಿಂತರು. ಸಕ್ಕರೆ ಕಡಿಮೆಯಾಗಿದೆಯೇ ಎಂದು ಅವನು ಕೇಳಿದ.

ಇದು ಪುಸ್ತಕದ ಮಾತು ಎಂದು ನಾನು ಹೇಳಿದೆ. ಪುಸ್ತಕದಲ್ಲಿ ನನ್ನ ಮಗ ಯಾಕೆ ಬಂದ ಎಂದು ಅತ್ತೆ ಕೇಳಿದರು. ತಿಳಿಸಿ ಹೇಳುವಷ್ಟರಲ್ಲಿ ರೊಟ್ಟಿ ಹೊತ್ತಿತು. ಕೊನೆಗೆ ತೀರ್ಪು ಬಂತು. ಇನ್ನೊಂದು ಸಲ ಈ ಗುಂಪಿನಿಂದ ಮನೆಯ ಮರ್ಯಾದೆಗೆ ಕುಂದು ಬಂದರೆ ನಾನು ಗುಂಪು ಬಿಡಬೇಕು, ಆಪಾ ಹತ್ತಿರ ತಂದ ಪುಸ್ತಕಗಳು ಅಫಜಲಪುರಕ್ಕೆ ತಿರುಗಿ ಹೋಗಬೇಕು. ಅದರ ಬೆನ್ನಿಗೇ ಹಳೆಯ ಮಾತೂ ಬಂತು.

"ಕೈಯಾಗ ಪುಸ್ತಕ ಹಿಡಿಯೂದು ಬಿಟ್ಟು ಇನ್ನೊಂದು ಕೂಸ ಹಿಡಿಬೇ. ಹುಡುಗಿ ಅಂಗನವಾಡಿಗಿ ಹೋಗ್ಲಾಕತ್ತಾಳ."

ನನಗೆ ಸದ್ಯಕ್ಕೆ ಪುಸ್ತಕವೇ ಸಾಕು. ಅದಕ್ಕೆ ಜ್ವರ ಬರುವುದಿಲ್ಲ. ಅಲ್ಲದೆ ಇಡೀ ದಿನದಲ್ಲಿ ನಿನಗೇನನ್ನಿಸುತ್ತದೆ ಎಂದು ನನ್ನನ್ನು ಕೇಳುವ ಜಾಗ ಆ ಗುಂಪೊಂದೇ. ಉಳಿದವರು ಕೇಳುವುದು ಜಂಪರ್ ಆಯಿತೇ, ಪಲ್ಯ ಆಯಿತೇ ಎಂದು. ಅದಕ್ಕೆ ತಲೆ ತಗ್ಗಿಸಿ ಹೂಂ ಅಂದೆ.

ಅತ್ತೆ ಮಾತ್ರ ಯಾವುದಕ್ಕೂ ಇರಲಿ ಎಂದು ಇವತ್ತಿಗೂ ಚಹಾದ ಮೊದಲ ಗುಟುಕು ಕಿರಿಯ ಮಗನಿಗೇ ಕುಡಿಸುತ್ತಾರೆ. ಅವ್ವನಿಗೆ ನನ್ನ ಮೇಲೆ ಪ್ರೀತಿ ಜಾಸ್ತಿ ಎಂದು ಅವನು ಗೆಳೆಯರ ಮುಂದೆ ಹೇಳಿಕೊಂಡು ತಿರುಗುತ್ತಾನೆ.

ಪಕ್ಕಾ ಸುದ್ದಿ

ಐದನೇ ಭಾಗ ಈ ಸಲ ಬಂದರೂ ಬಂದೀತು ಎಂದು ಒಂದು ದಿನ ಗುಂಪಿನಲ್ಲಿ ಬರೆದೆ. ಆಸೆಗೆ ಬರೆದದ್ದು, ಅಷ್ಟೇ. ಅದನ್ನು ಕಂಡಕ್ಟರ್ ಅಣ್ಣ ಬಸ್ಸಿನಲ್ಲಿ ಯಾರಿಗೋ ಹೇಳಿದರು. ಆ ಯಾರೋ ಇನ್ಯಾರಿಗೋ ಹೇಳಿದರು. ಸುದ್ದಿ ಊರೂರು ಸುತ್ತಿ, ಮೈಕೈ ತುಂಬಿಕೊಂಡು ನನ್ನ ಕಡೆಗೇ ತಿರುಗಿ ಬಂತು. ಐದನೇ ಭಾಗ ಅಫಜಲಪುರದ ಪುಸ್ತಕದಂಗಡಿಗೆ ಬಂದಿದೆಯಂತೆ, ಮುಗಿಯುತ್ತಲೂ ಬಂದಿದೆಯಂತೆ, ರಟ್ಟಿನ ಮೇಲೆ ಹುಣಸೆಕಾಯಿಯ ಚಿತ್ರ ಇದೆಯಂತೆ. ರಟ್ಟಿನ ಚಿತ್ರದ ಸಮೇತ ಬಂದ ಸುದ್ದಿ ಸುಳ್ಳಾಗುವುದಾದರೂ ಹೇಗೆ ಎಂದು ನಾನೂ ನಂಬಿದೆ.

ಆಪಾಗೆ ಫೋನ್ ಮಾಡಿ ಕೇಳುವಷ್ಟೂ ತಾಳ್ಮೆ ಇಲ್ಲದೆ ಮಗಳನ್ನು ಬಗಲಲ್ಲಿ ಎತ್ತಿಕೊಂಡು ಬಸ್ಸು ಹತ್ತಿದೆ. ಲೈನಿಂಗ್ ಬಟ್ಟೆ ತರಲು ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿದ್ದೆ. ಆ ಅಂಗಡಿಯವರು ಶಾಲೆಯ ಗೈಡು, ಪೆನ್ನು, ಊದುಬತ್ತಿ ಮಾರುವವರು. ನಾನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದರು.

"ಉಪ್ಪಿನ ಕೋಟಿ ಪುಸ್ತಕ ಏನ್ರಿ? ಇಲ್ರಿ. ಮುಂಜಾನಿಂದ ಇದೇ ಹೇಳಿ ಹೇಳಿ ಬಾಯಿ ಒಣಗ್ಯಾದ. ಆಳಂದದ ಯಾರೋ ಹೆಣ್ಮಗಳು ಈ ಸುದ್ದಿ ಹಬ್ಬಿಸ್ಯಾಳಂತ. ಆಕಿ ಒಮ್ಮಿ ಸಿಗಬೇಕ್ರಿ ನನಗ."

ಆಗ ನೆನಪಾಯಿತು, ಆ ಹೆಣ್ಮಗಳು ಯಾರು ಎಂದು. ಕಿವಿ ಬಿಸಿಯಾದವು. ಅಂಥವರನ್ನು ಸುಮ್ಮನೆ ಬಿಡಬಾರದು ನೋಡ್ರಿ ಎಂದೆ. ನೀವು ಯಾವ ಊರಿನವರು ಎಂದು ಅವರು ಕೇಳಿದರು. ಅಷ್ಟರಲ್ಲಿ ನನ್ನ ಮಗಳು, ಅಂಗನವಾಡಿಯಲ್ಲಿ ಕಲಿಸಿದ್ದನ್ನೆಲ್ಲ ಒಪ್ಪಿಸುವ ಹುಮ್ಮಸ್ಸಿನಲ್ಲಿ, ತನ್ನ ಹೆಸರು, ಅಪ್ಪನ ಹೆಸರು, ಊರು ಆಳಂದ ಎಂದು ಗಟ್ಟಿಯಾಗಿ ಹೇಳಿದಳು.

ನಾಚಿಕೆಗೆ ಏನಾದರೂ ಕೊಳ್ಳಲೇಬೇಕಾಯಿತು. ಕೈಗೆ ಮೊದಲು ಸಿಕ್ಕಿದ್ದು ಹತ್ತನೇ ಕ್ಲಾಸಿನ ಗಣಿತದ ಗೈಡು. ಯಾವ ಗಣಿತದಿಂದ ಪಾರಾದೆ ಎಂದು ಅಂದುಕೊಂಡಿದ್ದೆನೋ, ಅದನ್ನೇ ದುಡ್ಡು ಕೊಟ್ಟು ಮನೆಗೆ ಕರೆತಂದೆ.

ಕೆಂಪು ರೊಟ್ಟಿ

ರಾಣಿ ಹುಣಸೆಕಾಯಿ ಕೇಳಿದ್ದು ಯಾಕೆ ಎಂಬ ಮಾತಿಗೆ ಗುಂಪು ಎರಡು ಭಾಗವಾಯಿತು. ಮೈದುನ ವಿಷ ಹಾಕಿದ್ದಾನೆ, ವಿಷ ಇಳಿಸಲು ಹುಳಿ ಬೇಕು ಎಂದು ಕಂಡಕ್ಟರ್ ಅಣ್ಣ ಹೇಳಿದರು. ಆಕೆ ಬಸುರಿ, ಇದಕ್ಕೆ ಇನ್ಯಾವ ಪುರಾವೆ ಬೇಕು ಎಂದು ಗಿರಣಿ ಅಕ್ಕ ಹೇಳಿದರು. ಹುಣಸೆಕಾಯಿ ನಾನೂ ದಿನಾ ತಿನ್ನುತ್ತೇನೆ, ನನಗಿನ್ನೂ ಲಗ್ನವೇ ಆಗಿಲ್ಲ ಎಂದು ಆಪಾ ಹೇಳಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅಣ್ಣ ಪಟ್ಟು ಬಿಡಲಿಲ್ಲ. ವಿಷದ ಲಕ್ಷಣಗಳನ್ನೆಲ್ಲ ಉದ್ದಕ್ಕೆ ಬರೆದು ಹಾಕಿದರು. ಗಿರಣಿಯಲ್ಲಿ ಹೆಂಗಸರು ಬುಟ್ಟಿ ಹಿಡಿದು ನಿಂತಿದ್ದರು. ಅಕ್ಕ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಲ್ಲಿ ಜೋಳ ಸುರಿಯುತ್ತ ಉತ್ತರ ಕೊಟ್ಟರು.

"ಅಣ್ಣಾರ, ಒಂದ್ ಮಾತ ಹೇಳ್ರಿ. ನೀವು ಎಷ್ಟ ಹಡದೀರಿ?"

ಅಣ್ಣ ಕೈ ಮುಗಿದ ಚಿತ್ರವೊಂದನ್ನು ಹಾಕಿ ಸೋಲೊಪ್ಪಿದರು. ಗೆದ್ದ ಖುಷಿಯಲ್ಲಿ ಅಕ್ಕ ಗಮನಿಸಲಿಲ್ಲ, ಜೋಳ ಸುರಿದದ್ದು ಮೆಣಸಿನಕಾಯಿ ಬೀಸುವ ಮಿಷನ್ನಿಗೆ ಎಂದು.

ಆ ಹಿಟ್ಟು ಹೋದ ಮನೆಯಲ್ಲಿ ಅವತ್ತು ಬೀಗರು ಬಂದಿದ್ದರು. ರೊಟ್ಟಿ ಕೆಂಪಗಿದೆಯಲ್ಲ ಎಂದು ಅವರು ಕೇಳಿದ್ದಕ್ಕೆ, ಹೊಸ ತಳಿಯ ಜೋಳ ಇರಬೇಕು ಎಂದು ಆ ಮನೆಯಾಕೆ ತಾನೇ ಸಮಾಧಾನ ಹೇಳಿದ್ದಳಂತೆ. ಬೀಗರು ಒಂದೊಂದು ತುತ್ತಿಗೂ ನೀರು ಕುಡಿದು ಎದ್ದರು. ಸಂಜೆ ಆಕೆ ಉಳಿದ ರೊಟ್ಟಿ ಹಿಡಿದು ಗಿರಣಿಗೆ ಬಂದಳು. ಅಕ್ಕನಿಗೆ ತಲೆ ಎತ್ತಲಾಗಲಿಲ್ಲ. ನಿನ್ನ ಧ್ಯಾನ ಎಲ್ಲಿತ್ತು ಎಂದು ಆಕೆ ಕೇಳಿದಾಗ, ಉಪ್ಪಿನ ಕೋಟೆ, ತಟ್ಟೆ ಸರಿಸಿದ ರಾಣಿ, ವಿಷದ ವಾದ ಎಲ್ಲವನ್ನೂ ಹೇಳಿಬಿಟ್ಟರು. ಜಗಳಕ್ಕೆ ಬಂದಾಕೆ ಚೀಲದ ಮೇಲೆ ಕೂತು ಪೂರ್ತಿ ಕೇಳಿದಳು. ಕೊನೆಗೆ ಕಣ್ಣು ಒರೆಸಿಕೊಂಡು, ವಿಷ ಅಲ್ಲ ಬಿಡು, ಬಸುರೇ ಎಂದಳು. ಆ ಕಣ್ಣೀರು ರಾಣಿಯ ಸಲುವಾಗಿಯೋ ರೊಟ್ಟಿಯ ಸಲುವಾಗಿಯೋ ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ.

ಗಾಣಗಾಪುರದ ಕುಬಸ

ಬಸುರಿ ಎಂದು ತೀರ್ಮಾನವಾದ ಮೇಲೆ ಅಕ್ಕನಿಗೆ ಹೊಸ ಸಂಕಟ ಶುರುವಾಯಿತು. ರಾಣಿಯ ತಾಯಿ ಮೊದಲನೇ ಭಾಗದಲ್ಲೇ ತೀರಿಕೊಂಡಿದ್ದಾಳೆ. ಹಾಗಾದರೆ ಕುಬಸ ಮಾಡುವವರು ಯಾರು? ನಮ್ಮ ಕಡೆ ಬಸುರಿಗೆ ತವರಿನವರು ಬಯಕೆಯ ಬುತ್ತಿ ತಂದು, ಹಸಿರು ಕುಬಸ ತೊಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುತ್ತಾರೆ. ತವರಿಲ್ಲದ ಹೆಣ್ಣಿಗೆ ಇಷ್ಟಾದರೂ ಮಾಡದಿದ್ದರೆ ನಾವೆಂಥ ಅಭಿಮಾನಿಗಳು ಎಂದು ಅಕ್ಕ ಕೇಳಿದರು. ಓದುವಾಗ ನಗು ಬಂತು. ಬರೆಯುವಾಗ ಕೈ, ಹೌದಲ್ಲ ಎಂದು ಬರೆಯಿತು.

ಕುಬಸ ನಾವೇ ಮಾಡುವುದು ಎಂದಾಯಿತು. ಅಕ್ಕ, ಆಪಾ, ನಾನು, ಮೂವರಿಗೂ ಗಾಣಗಾಪುರ ಅನುಕೂಲ. ದರ್ಶನಕ್ಕೆ ಹೋಗುತ್ತೇನೆ ಎಂದು ಅತ್ತೆಯ ಹತ್ತಿರ ಮಗಳನ್ನು ಬಿಟ್ಟು ಹೊರಟೆ. ದರ್ಶನ ಮಾಡಿದ್ದೂ ಸುಳ್ಳಲ್ಲ. ಆಮೇಲೆ ಲಾಡ್ಜಿನಲ್ಲಿ ಒಂದು ಕೋಣೆ ಹಿಡಿದೆವು. ಅಕ್ಕ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿದ್ದರು. ಆಪಾ ಹಸಿರು ಬಳೆ ತಂದಿದ್ದರು. ನಾನು ಹಸಿರು ಖಣದ ಕುಬಸ ಹೊಲಿದಿದ್ದೆ. ರಾಣಿಯ ಅಳತೆ ಪುಸ್ತಕದಲ್ಲಿ ಎಲ್ಲೂ ಕೊಟ್ಟಿಲ್ಲವಾದ್ದರಿಂದ ನನ್ನ ಅಳತೆಗೇ ಹೊಲಿದಿದ್ದೆ.

ನಾಲ್ಕನೇ ಭಾಗವನ್ನು ದಿಂಬಿಗೆ ಒರಗಿಸಿ ಕೂರಿಸಿದೆವು. ಕುಬಸ ಹೊದಿಸಿದರೆ ಪುಸ್ತಕ ಮುಗ್ಗರಿಸಿತು. ಬಳೆ ಇಡಿಸಲು ಕೈಯೇ ಇಲ್ಲ. ಯಾರಾದರೂ ರಾಣಿಯ ಪರವಾಗಿ ಕೂರಲೇಬೇಕು ಎಂದಾಯಿತು. ಅಕ್ಕನಿಗೆ ಮೊಮ್ಮಕ್ಕಳಿದ್ದಾರೆ, ಆಪಾಗೆ ಲಗ್ನವಾಗಿಲ್ಲ. ಉಳಿದವಳು ನಾನು, ಅಳತೆಯೂ ನನ್ನದೇ. ಹೊಸ ಕುಬಸ ತೊಟ್ಟು, ಕೈತುಂಬ ಹಸಿರು ಬಳೆ ಇಟ್ಟುಕೊಂಡು, ತಲೆತುಂಬ ಹೂವು ಮುಡಿದು ಕೂತೆ. ಅಕ್ಕ ಉಡಿ ತುಂಬಿ, ಗಿರಣಿಯ ದನಿಯಲ್ಲಿ ಸೋಬಾನೆ ಹಾಡಿದರು. ಸೆಖೆ ಎಂದು ಬಾಗಿಲು ತೆರೆದಿಟ್ಟಿದ್ದೆವು.

ಆ ಬಾಗಿಲಲ್ಲಿ ನಮ್ಮ ಸಣ್ಣತ್ತೆ ನಿಂತಿದ್ದರು. ಸಣ್ಣತ್ತೆ ಎಂದರೆ ಅತ್ತೆಯ ತಂಗಿ, ಮಾದನಹಿಪ್ಪರಗಾದವರು. ಭಜನೆಯ ಹೆಂಗಸರನ್ನು ಕಟ್ಟಿಕೊಂಡು ದರ್ಶನಕ್ಕೆ ಬಂದು ಪಕ್ಕದ ಕೋಣೆಯಲ್ಲೇ ಇಳಿದಿದ್ದರು. ಹಾಡು ಕೇಳಿ ನೋಡಲು ಬಂದಿದ್ದರು.

"ಸುದ್ದಿ ಮುಚ್ಚಿಟ್ಟಿ ಏನಬೇ? ನಮ್ಮಕ್ಕ, ನಿಮ್ಮತ್ತಿನೂ ಒಂದ್ ಮಾತ ಹೇಳಲಿಲ್ಲ ನೋಡ."

ಅಷ್ಟೂ ಹೆಂಗಸರ ಮುಂದೆ, ನಾನಲ್ಲ, ಪುಸ್ತಕದ ರಾಣಿ ಬಸುರಿ ಎಂದು ಹೇಳಬೇಕಿತ್ತು. ಅದರ ಬದಲು ನಾಚಿಕೆಯಿಂದ ತಲೆ ತಗ್ಗಿಸಿದೆ. ಹಸಿರು ಕುಬಸ ತೊಟ್ಟವಳು ತಲೆ ತಗ್ಗಿಸಿದರೆ ಅದಕ್ಕೆ ಇರುವುದು ಒಂದೇ ಅರ್ಥ. ನೀವು ಯಾರು ಎಂದು ಸಣ್ಣತ್ತೆ ಕೇಳಿದರು. ಗಿರಣಿ ಅಕ್ಕ ಗಾಬರಿಯಲ್ಲಿ, ನಾವು ತವರಿನ ಕಡೆಯವರು ಎಂದುಬಿಟ್ಟರು. ಬಳೆ ಇಡಿಸಲು ಬಂದಿದ್ದೇನೆ ಎಂದು ಆಪಾ ಒಬ್ಬರೇ ನಿಜ ಹೇಳಿದರು. ಸಣ್ಣತ್ತೆ ಕಣ್ಣು ತುಂಬಿಕೊಂಡು ತಾವೂ ಆರತಿ ಮಾಡಿದರು. ಭಜನೆಯವರು ಸರದಿಯಲ್ಲಿ ಉಡಿ ತುಂಬಿದರು. ಹೋಳಿಗೆ ಎಲ್ಲರಿಗೂ ಸಾಲಲಿಲ್ಲ.

ಆಳಂದದ ಬಸ್ ಹತ್ತುವಾಗ, ಮನೆಗೆ ಹೋಗಿ ಮೆಲ್ಲಗೆ ಹೇಳಿದರಾಯಿತು ಎಂದುಕೊಂಡೆ. ಸಣ್ಣತ್ತೆಯ ಹತ್ತಿರವೂ ಫೋನ್ ಇದೆ ಎಂಬುದು ನೆನಪಾಗಲಿಲ್ಲ. ಓಣಿಗೆ ಕಾಲಿಟ್ಟರೆ ಪ್ರತಿ ಬಾಗಿಲಲ್ಲೂ ನಗುಮುಖ. ಎಲ್ಲರ ಬಾಯಿ ಸಿಹಿಯಾಗಿತ್ತು. ಅತ್ತೆ ಮನೆಮನೆಗೆ ಹೋಗಿ ಸಕ್ಕರೆ ಹಂಚಿ ಬಂದಿದ್ದರು. ನನ್ನ ಗಂಡ ಕಟ್ಟೆಯ ಮೇಲೆ ಕೂತಿದ್ದ, ಪಾಠದಲ್ಲಿ ಇಲ್ಲದ ಪ್ರಶ್ನೆ ಪರೀಕ್ಷೆಯಲ್ಲಿ ಬಂದವನ ಹಾಗೆ. ಬೆರಳು ಮಡಚಿ ತಿಂಗಳು ಎಣಿಸುತ್ತಿದ್ದ.

ಒಳಗೆ ಅತ್ತೆಯ ಖುಷಿ ಅಷ್ಟರಲ್ಲಿ ಸಿಟ್ಟಾಗಿ ತಿರುಗಿತ್ತು. ಬಸುರಾದದ್ದಕ್ಕಲ್ಲ, ತಮಗೆ ತಿಳಿಸದೆ ಕುಬಸ ಮಾಡಿಸಿಕೊಂಡದ್ದಕ್ಕೆ. ಸೊಸೆಯ ಕುಬಸವನ್ನು ತಂಗಿಯ ಬಾಯಿಂದ ಕೇಳಬೇಕೇ, ಬೀಗರಿಗೆ ಏನು ಮುಖ ತೋರಿಸಲಿ ಎಂದು ಕೂತಿದ್ದರು.

ನನ್ನ ಮುಂದೆ ಎರಡೇ ದಾರಿ ಇದ್ದವು. ಸುಮ್ಮನಿದ್ದರೆ ಬಸುರಿ. ನಿಜ ಹೇಳಿದರೆ ಗುಂಪೂ ಹೋಯಿತು, ಪುಸ್ತಕವೂ ಹೋಯಿತು. ಬಸುರಿ ಎಂಬ ಸುಳ್ಳಿಗೆ ಹೆಚ್ಚು ದಿನ ಆಯಸ್ಸಿಲ್ಲ ಎಂದು ಎಲ್ಲಾ ಹೇಳಿಬಿಟ್ಟೆ. ಉಪ್ಪಿನ ಕೋಟೆ, ಹುಣಸೆಕಾಯಿ, ತಾಯಿಯಿಲ್ಲದ ರಾಣಿ, ಮುಗ್ಗರಿಸಿದ ಪುಸ್ತಕ. ಹೇಳುತ್ತ ಹೋದಂತೆ ನನ್ನ ಕಿವಿಗೇ ನಾಚಿಕೆಯಾಯಿತು. ಬಾಗಿಲ ಹೊರಗೆ ಗಂಡ ಉಸಿರು ಬಿಟ್ಟದ್ದು ಕೇಳಿಸಿತು.

ನಾನೇ ಫೋನ್ ತೆಗೆದು ಅತ್ತೆಯ ಮುಂದಿಟ್ಟೆ.

"ಗುಂಪು ಬಿಡ್ತೇನಿ ಅತ್ತೀ."

"ಆಕಿ ಖರೇ ಬಸುರೇನು?"

"ಗೊತ್ತಿಲ್ರಿ. ಮುಂದಿನ ಪುಸ್ತಕದಾಗ ತಿಳೀತದ್ರಿ."

"ಅದು ಯಾವಾಗ ಬರ್ತದ?"

"ಅದೂ ಯಾರಿಗೂ ಗೊತ್ತಿಲ್ರಿ."

ಅತ್ತೆ ಫೋನನ್ನು ನನ್ನ ಕಡೆಗೇ ಸರಿಸಿದರು.

"ಗುಂಪು ಬಿಡಬ್ಯಾಡ. ದಿನಾ ಸುದ್ದಿ ಕೇಳಿ ನನಗ ಹೇಳು. ಓಣಿ ತುಂಬ ಸಕ್ಕರಿ ಹಂಚೀನಿ, ಇನ್ನ ಇಬ್ಬರೊಳಗ ಯಾರರೆ ಒಬ್ಬಾಕಿ ಹಡೀಲೇಬೇಕು. ಆಕಿ, ಇಲ್ಲಂದ್ರ ನೀ."