ಆಲ್ಪ್ಸ್ ದಾರಿಯಲ್ಲಿ ಮೂರು ಕೋಟೆ

ಇಷ್ಟು ವರ್ಷದ ಸಂಸಾರದಲ್ಲಿ ಕಲ್ಯಾಣಿ ಒಂದು ಕೋಟೆಯನ್ನೂ ಪೂರ್ತಿ ನೋಡಿದವಳಲ್ಲ. ವಿಂಡ್ಸರ್‌ಗೆ ಕರೆದೊಯ್ದರೆ ಬಾಗಿಲ ಹತ್ತಿರವೇ ಬೆಂಚು ಹುಡುಕಿ ಕೂತು, "ನೀವು ನೋಡಿ ಬರ್ರಿ, ಕಲ್ಲು ಎಲ್ಲಾ ಕಡೆ ಕಲ್ಲೇ" ಎಂದಿದ್ದಳು. ಅಂಥವಳು ಲಂಡನ್ನಿನ ಇಲ್ಫರ್ಡಿನ ಮನೆಯ ಅಡಿಗೆಮನೆಯಲ್ಲಿ ಭಕ್ರಿ ತಟ್ಟುತ್ತ, "ಆಲ್ಪ್ಸ್‌ಗೆ ಹೋಗೂದು ಖರೇ ಅಂದ್ರ ದಾರಿಯೊಳಗ ಮೂರು ಕೋಟೆ ನೋಡಬೇಕ್ರೀ" ಎಂದಾಗ ಗಂಡ ವಿಶ್ವನಾಥನ ಕಿವಿ ನೆಟ್ಟಗಾದವು.

ಆಲ್ಪ್ಸ್ ಪರ್ವತದಲ್ಲಿ ಸ್ವತಃ ಕಾರು ಓಡಿಸುವುದು ಅವನ ಜೀವಮಾನದ ಕನಸು. ಚಳಿಗಾಲವಿಡೀ ಸೋಫಾದ ಮೇಲೆ ಕೂತು, ವಿಡಿಯೋದಲ್ಲಿನ ತಿರುವುಗಳಿಗೆ ತಕ್ಕಂತೆ ಗಾಳಿಯಲ್ಲಿ ಸ್ಟೀರಿಂಗ್ ತಿರುಗಿಸಿ ತೋಳು ನೋಯಿಸಿಕೊಂಡಿದ್ದ. ಈ ದಿಗ್ವಿಜಯ ಯಾತ್ರೆಯಲ್ಲಿ ಕೋಟೆಗಳಿಗೆ ಜಾಗವಿರಲಿಲ್ಲ.

"ಯಾವ ಕೋಟೆ?"

"ಯಾವುದರೆ ಆಗಲಿ. ಒಂದು ಘಾಟ್ ಇಳದ ಮ್ಯಾಲೆ ಒಂದು ಇರಲಿ."

"ಯಾವ ರಾಜಾಂದು?"

"ಯಾವಾಂದಾದ್ರೂ ನಡೀತದ. ಸತ್ತವರ ಜೋಡಿ ನಂದೇನು ಜಗಳ?"

ಯಾರದೆಂದು ಕೇಳದೆ ಕೋಟೆ ಬೇಡುವವರು ಕೋಟೆ ನೋಡಲು ಹೋಗುವವರಲ್ಲ ಎಂದು ವಿಶ್ವನಾಥ ಆಗಲೇ ತೀರ್ಮಾನಿಸಿದ. (ಅವನಿಗೆ ಕೌನ್ಸಿಲ್‌ನ ಪಾರ್ಕಿಂಗ್ ವಿಭಾಗದಲ್ಲಿ ಕೆಲಸ. ದಂಡ ತಪ್ಪಿಸಿಕೊಳ್ಳಲು ಜನ ಹೇಳುವ ನೆಪಗಳನ್ನು ನಂಬದಿರುವುದಕ್ಕೇ ಸಂಬಳ.)

ಶನಿವಾರ ಕಲ್ಯಾಣಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತ ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು. ವಿಶ್ವನಾಥ ಒದ್ದೆ ಬೆಡ್‌ಶೀಟಿನ ಮರೆಯಲ್ಲಿ ನಿಂತ. "ಇವರಿಗೆ ಗೊತ್ತಾಗಬಾರದು ಅಕ್ಕಾ. ಗೊತ್ತಾದ್ರ ಟ್ರಿಪ್ಪೇ ಬ್ಯಾಡ ಅಂತಾರ."

ಅಕ್ಕ ಎಂದರೆ ಎಜ್‌ವೇರ್‌ನಲ್ಲಿರುವ ಅವಳ ಅಕ್ಕ. ಅಕ್ಕನ ಗಂಡ ಮುಕುಂದ. ಯಾರ ಕಾರಿನಲ್ಲಿ ಕೂತರೂ ತನ್ನ ಕಾಲಡಿ ಇಲ್ಲದ ಬ್ರೇಕನ್ನು ತುಳಿದು, "ಗೇರ್, ಗೇರ್!" ಎಂದು ಕಿರುಚುವ ಷಡ್ಡಕ! ಸಂಚು ವಿಶ್ವನಾಥನ ಕಣ್ಣಿಗೆ ಕಟ್ಟಿತು. ಕೋಟೆಯ ಬಾಗಿಲಲ್ಲಿ ಮುಕುಂದ 'ಆಕಸ್ಮಿಕವಾಗಿ' ಸಿಗುತ್ತಾನೆ. ಅಲ್ಲಿಂದ ಮುಂದೆ ತಮ್ಮ ಕಾರನ್ನೇ ಹತ್ತುತ್ತಾನೆ.

ಸಂಚನ್ನು ಬುಡದಲ್ಲೇ ಕತ್ತರಿಸಲು ವಿಶ್ವನಾಥ ನೇರವಾಗಿ ಎಜ್‌ವೇರ್‌ಗೆ ಫೋನ್ ಮಾಡಿದ.

"ಮುಕುಂದಣ್ಣಾ, ನಮ್ಮ ಆಲ್ಪ್ಸ್ ಟ್ರಿಪ್ಪಿಗೆ ನೀವು ಬರೂದು ನನಗ ಗೊತ್ತಾಗೇದ. ಇನ್ನ ಮುಚ್ಚಿಡೂದು ಬ್ಯಾಡ."

ಮುಕುಂದನ ದನಿ ಬೆಣ್ಣೆಯಂತೆ ಕರಗಿತು. "ವಿಶ್ವಾ! ಇಷ್ಟು ಪ್ರೀತಿಲೇ ನನ್ನ ಯಾರೂ ಕರದಿಲ್ಲೋ. ನಾಳೆನೇ ರಜಾ ಹಾಕ್ತೀನಿ!"

ಹಿಂದೆ ಬುಟ್ಟಿ ಹಿಡಿದು ನಿಂತಿದ್ದ ಕಲ್ಯಾಣಿ ಹಣೆ ಹಣೆ ಬಡಿದುಕೊಂಡಳು. "ಅವರನ್ನ ಯಾಕ್ರೀ ಕರದ್ರಿ?"

"ನೀನೇ ಅಲ್ಲೇನು, ಅಕ್ಕನ ಜೋಡಿ ಗುಟ್ಟಾಗಿ…"

"ಘಾಟಿನ ತಿರುವಿನೊಳಗ ನನಗ ಹೊಟ್ಟಿ ತೊಳಸ್ತದ್ರೀ! ಯಾವ ಗುಳಿಗಿ ಛಲೋ ಅಂತ ಅಕ್ಕನ್ನ ಕೇಳಾಕತ್ತಿದ್ದೆ. ನಡುವ ಕೋಟೆ ಇದ್ರ ಇಳದು ಗಟ್ಟಿ ನೆಲದ ಮ್ಯಾಲೆ ಒಂದೀಟು ನಿಂದ್ರಬಹುದು ಅಂತ. ಹೇಳಿದ್ರ ನೀವು ಆಸೆ ಬಿಟ್ಟು ಮನ್ಯಾಗ ಕೂಡ್ತಿದ್ರಿ."

ವಿಶ್ವನಾಥ ಬುಟ್ಟಿ ಇಸಿದುಕೊಂಡು ಉಳಿದ ಬಟ್ಟೆ ತಾನೇ ಒಣಹಾಕಿದ.

ಆಗಸ್ಟಿನಲ್ಲಿ ನಾಲ್ವರೂ ಹೊರಟರು. ಫ್ರಾನ್ಸಿನ ನೇರ, ಬೇಸರದ ಹೆದ್ದಾರಿಯನ್ನೆಲ್ಲ ಮುಕುಂದ ವಿಶ್ವನಾಥನಿಗೇ ಬಿಟ್ಟುಕೊಟ್ಟ. ಪರ್ವತದ ಬುಡ ಬಂದದ್ದೇ, "ನೀ ದಣದೀ, ಕೀಲಿ ಕೊಡು" ಎಂದು ಕೈಚಾಚಿದ. (ಕಾರಿನ ವಿಮೆಗೆ ತನ್ನ ಹೆಸರು ಸೇರಿಸುವಂತೆ ಮೊದಲೇ ಗಂಟುಬಿದ್ದಿದ್ದ.) ಹೊಟ್ಟೆ ತೊಳಸುವವರು ಮುಂದೆ ಕೂರಬೇಕೆಂದು ಅಕ್ಕ ಕಲ್ಯಾಣಿಯನ್ನು ಮುಂದಿನ ಸೀಟಿಗೆ ಕಳಿಸಿದಳು.

ಸದಾ ಸ್ಟೀರಿಂಗ್ ಹಿಡಿದ ವಿಶ್ವನಾಥನಿಗೆ ಹಿಂದಿನ ಸೀಟಿನಲ್ಲಿ ತನ್ನ ಹೊಟ್ಟೆ ಹೇಗೆ ವರ್ತಿಸುತ್ತದೆಂದು ಗೊತ್ತಿರಲಿಲ್ಲ. ಕೆಲವೇ ತಿರುವುಗಳಲ್ಲಿ ಗೊತ್ತಾಯಿತು. ಮುಂದೆ ಕಲ್ಯಾಣಿ ಕಿಟಕಿ ಇಳಿಸಿ, "ಆಹಾ, ಎಷ್ಟು ಚೆಂದ ಅದ ನೋಡ್ರೀ!" ಎನ್ನುತ್ತಿದ್ದಳು. ವಿಶ್ವನಾಥ ಪ್ಲಾಸ್ಟಿಕ್ ಚೀಲದಿಂದ ಮುಖ ಎತ್ತಿ ನರಳಿದ. "ಮುಕುಂದಣ್ಣಾ… ಎಲ್ಲೆರೆ ಒಂದು ಕೋಟೆ ಇದ್ರ ನಿಲ್ಲಸ್ರಿ."

"ಕೋಟೆ ಎಲ್ಲಾ ಕ್ಯಾನ್ಸಲ್ ಮಾಡೀನಿ!" ಮುಕುಂದ ಖುಷಿಯಿಂದ ಗೇರು ಬದಲಿಸಿದ. "ಘಾಟಿನ ಹುಚ್ಚು ನಿಂದಲ್ಲೇನೋ? ತಡಿ, ಇಳದು ಇನ್ನೊಮ್ಮೆ ಹತ್ತಸ್ತೀನಿ."